ಹಿರಿಯ ಯೋಧರೊಬ್ಬರ ತಂದೆತನ



ಮನೆಯ ಹಿರಿಯರು ತೀರಿಕೊಂಡರೆ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ವರ್ಷಕ್ಕೊಮ್ಮೆ ಬಲಿಪೂಜೆ ಒಪ್ಪಿಸುತ್ತೇವೆ. ಇದು ಒಳ್ಳೆಯದೇ. ಆದರೆ ಅವರ ಬದುಕಿನಿಂದ ನಾವು ಏನನ್ನು ಕಲಿತೆವು? ಈ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ ನಮ್ಮ ಸ್ಮರಣೆ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ನಾಡಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರನ್ನು ನೆನೆಯೋಣ. 1899ರಲ್ಲಿ ಕೊಡಗಿನಲ್ಲಿ ಹುಟ್ಟಿದ ಅವರು 1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. 1953ರಲ್ಲಿ ನಿವೃತ್ತರಾದರು. ಅವರು 1993ರ ಮೇ 15ರಂದು ತೀರಿಕೊಂಡಾಗ 94 ವರ್ಷ ತುಂಬಿತ್ತು. ಪದವಿಗಳ ಪಟ್ಟಿ ಉದ್ದವಾಗಿದೆ. ಆದರೆ ಅವರು ಎಂಥ ತಂದೆ ಎಂಬುದು ತಿಳಿದುಬಂದದ್ದು ನಿವೃತ್ತರಾಗಿ 12 ವರ್ಷಗಳ ನಂತರ.

1965ರ ಯುದ್ಧದಲ್ಲಿ ಅವರ ಮಗ ವಾಯುಪಡೆಯ ವಿಮಾನ ಚಾಲಕರಾಗಿದ್ದರು. ವಿಮಾನ ಶತ್ರುಗಳ ಗುಂಡಿಗೆ ಸಿಕ್ಕಿ, ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಆಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಗೌರವದಿಂದ, ಮಗನನ್ನು ಬಿಟ್ಟುಬಿಡಲು ಸಿದ್ಧ ಎಂದು ಹೇಳಿ ಕಳುಹಿಸಿದರು. ಯಾವ ತಂದೆಯ ಮನಸ್ಸು ಕರಗದು? ಆದರೆ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರವಾಗಿತ್ತು. ಮಗ ಊರಿಗೆ ಮರಳಿದ್ದು 1966ರಲ್ಲಿ. ಆ ಮಗನೇ ಮುಂದೆ ಏರ್ ಮಾರ್ಷಲ್ ಆದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಇದು ಕಲ್ಲೆದೆಯೇ? ಅಲ್ಲ. ತನ್ನ ಮಗನ ಮೇಲಿನ ಪ್ರೀತಿ ಕಡಿಮೆಯಾದುದರಿಂದ ಬಂದ ಮಾತಲ್ಲ ಇದು. ಆ ಪ್ರೀತಿ ಇತರರ ಮಕ್ಕಳನ್ನೂ ಒಳಗೊಳ್ಳುವಷ್ಟು ಬೆಳೆದುದರಿಂದ ಬಂದದ್ದು. ಕಾರ್ಯಪ್ಪನವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೆ ಮತ್ತಾಯನ ಶುಭಸಂದೇಶದ 8ನೆಯ ಅಧ್ಯಾಯವನ್ನು ಓದಿ ನೋಡಿ. ಯೇಸುಸ್ವಾಮಿ ಬೆರಗಾಗಿ ಮೆಚ್ಚಿದ ಶತಾಧಿಪತಿಯೂ ಹೊರಗಿನವನೇ, ಸೈನಿಕನೇ. ಅವನು ಬೇಡಿಕೊಂಡದ್ದು ತನ್ನ ಮಗನಿಗಾಗಿ ಅಲ್ಲ, ಕಾಯಿಲೆ ಬಿದ್ದ ಸೇವಕನಿಗಾಗಿ. ಅವನ ದೀನ ಮಾತನ್ನು ನಾವು ಪರಮಪ್ರಸಾದ ಸ್ವೀಕರಿಸುವ ಮುನ್ನ ಇಂದಿಗೂ ಹೇಳುತ್ತೇವೆ.

ಈಗ ನಮ್ಮ ಮನೆಗೆ ಬರೋಣ. ಮಗನಿಗೆ ಕಾಲೇಜಿನ ಸೀಟು, ಮಗಳಿಗೆ ಕೆಲಸ ಬೇಕಾದಾಗ ಯಾರ ಶಿಫಾರಸು ಸಿಗುತ್ತದೆಂದು ಮೊದಲು ಹುಡುಕುತ್ತೇವೆ. ಸರದಿಯಲ್ಲಿ ಹಿಂದಕ್ಕೆ ಬೀಳುವ ಬಡವರ ಮಗು ನಮ್ಮ ಕಣ್ಣಿಗೆ ಬೀಳುತ್ತದೆಯೇ? ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡತೆಯನ್ನು ಹೆಚ್ಚು ನೆನಪಿಡುತ್ತಾರೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಸೇನೆಯಿಂದ ನಿವೃತ್ತರಾದ ಅಜ್ಜ ಇದ್ದಾರೆಯೇ? ಈ ಭಾನುವಾರ ಮಕ್ಕಳೊಡನೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಪದಕಗಳ ಕಥೆ ಆಮೇಲೆ ಇರಲಿ. ಯಾರಿಗಾಗಿ ಏನನ್ನು ಬಿಟ್ಟುಕೊಟ್ಟಿರಿ ಎಂದು ಕೇಳಿ. ಅವರು ಹೇಳಿದ್ದನ್ನು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಿ. ಅವರು ಬದುಕಿರುವಾಗಲೇ ಇದನ್ನು ಮಾಡುವುದು ಲೇಸು.