ಫೋನು ಅಪ್ಪನದು

ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. ಹೊಸ ಆ್ಯಪ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಎಡವಿದ್ದೂ ಅದಕ್ಕೇ.

1. ಫೋನು ಯಾರದು ಅಂತ ಮೊದಲು ಕೇಳಬೇಕಿತ್ತು

2020ರ ಲಾಕ್‌ಡೌನಿನಲ್ಲಿ ಗೂಗಲ್ ಕ್ಲಾಸ್‌ರೂಮ್ ತೆರೆದು 42 ಮಕ್ಕಳನ್ನು ಸೇರಿಸಿದೆ. ಬೆಳಿಗ್ಗೆ ಪ್ರಬಂಧ ಕೊಟ್ಟು ಸಂಜೆ ಐದರೊಳಗೆ ಕಳಿಸಿ ಅಂದೆ. ಬಂದದ್ದು ಮೂರು. 'ಸೋಮಾರಿಗಳು' ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದೂಬಿಟ್ಟೆ. ಓದಿದವರು ಅಪ್ಪಂದಿರು! ಅವರ ಜೊತೆ ಗಾರೆ ಕೆಲಸಕ್ಕೆ ಹೋದ ಫೋನು ಮನೆ ಸೇರುತ್ತಿದ್ದುದೇ ರಾತ್ರಿ ಎಂಟಕ್ಕೆ. "ನಾನು ಬಂದ್ಮೇಲೆ ಕಳಿಸ್ತಾಳೆ ಸಾರ್, ಬೈಬೇಡಿ" ಎಂದು ಒಬ್ಬರು ಫೋನ್ ಮಾಡಿದರು. ನನಗೆ ಮಾತೇ ಹೊರಡಲಿಲ್ಲ. ಆಗಸ್ಟಿನಲ್ಲಿ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ದೇವಸ್ಥಾನದ ಜಗಲಿಯಲ್ಲಿ ಪಾಠಕ್ಕೆ ಕೂತಾಗ ಅವರ ಮಗಳು ನೋಟ್‌ಬುಕ್ ಮುಂದಿಟ್ಟಳು. ಕೊಟ್ಟ ಪ್ರಬಂಧಗಳೆಲ್ಲ ಅದರಲ್ಲಿದ್ದವು. ಫೋಟೊ ಕಳಿಸಲು ಡೇಟಾ ಇರಲಿಲ್ಲವಂತೆ.

2. ವಿಡಿಯೊ ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುತ್ತದೆ. ನೆಟ್ ಇದ್ದರೆ. ಇಪ್ಪತ್ತು ನಿಮಿಷ ಚಕ್ರ ತಿರುಗುವುದನ್ನು ಇಡೀ ತರಗತಿ ಶಿಸ್ತಾಗಿ ನೋಡಿತು.

3. ಹೊಳೆಯುವ ಲ್ಯಾಮಿನೇಷನ್ ಬೇಡ

ಪ್ಲಿಕರ್ಸ್ ನನಗೆ ಒಗ್ಗಿದ ಆ್ಯಪ್. ಮಕ್ಕಳಿಗೆ ಫೋನು ಬೇಡ. ಗುರುತು ಅಚ್ಚಾದ ಕಾಗದವನ್ನು ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿದರೆ ನನ್ನ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಬಾಳಿಕೆ ಬರಲೆಂದು ನಾನು ಫಳಫಳ ಲ್ಯಾಮಿನೇಷನ್ ಮಾಡಿಸಿದೆ. ಕಿಟಕಿಯ ಬೆಳಕು ಬಿದ್ದು ಅರ್ಧ ಕಾರ್ಡುಗಳು ಕ್ಯಾಮೆರಾಕ್ಕೆ ಕಾಣಲೇ ಇಲ್ಲ. ಈಗ ಬರೀ ರಟ್ಟಿಗೆ ಅಂಟಿಸುತ್ತೇನೆ.

4. ಗಟ್ಟಿ ಓದಿಗೆ ಒಂದು ಮೂಲೆ ಬೇಕು

ಮಕ್ಕಳು ಓದುವುದನ್ನು ಕೇಳಿಸಿಕೊಂಡು ತಿದ್ದುವ ಆ್ಯಪ್ ಗೂಗಲ್‌ನ ರೀಡ್ ಅಲಾಂಗ್. 2019ರಲ್ಲಿ 'ಬೋಲೊ' ಎಂಬ ಹೆಸರಿನಲ್ಲಿ ಭಾರತದಲ್ಲೇ ಮೊದಲು ಬಂದದ್ದು. ಒಂದೇ ಕೋಣೆಯಲ್ಲಿ ನಾಲ್ಕು ಟ್ಯಾಬ್ ಹಚ್ಚಿದೆ. ಪಕ್ಕದವಳ ಓದು ಇವನ ಮೈಕಿಗೆ ಹೋಗಿ, ಬಾಯಿ ಮುಚ್ಚಿ ಕೂತವನಿಗೆ ನಕ್ಷತ್ರ ಬಂತು! ಮರುದಿನದಿಂದ ಒಬ್ಬೊಬ್ಬರನ್ನೇ ವರಾಂಡದ ಕೊನೆಗೆ ಕಳಿಸಿದೆ. 'ಸ್ಕೂಲ್' ಅನ್ನಲು 'ಇಸ್ಕೂಲ್' ಅನ್ನುತ್ತಿದ್ದ, ನನ್ನೆದುರು ತುಟಿ ಬಿಚ್ಚದ ಹುಡುಗನೊಬ್ಬ ಒಂದೇ ಕಥೆಯನ್ನು ಹತ್ತಾರು ಸಲ ಓದಿದ. ಯಾಕೋ ಅಂತ ಕೇಳಿದೆ.

"ಅದು ನಗಲ್ಲ ಸಾರ್."