ಒಂದು ಗಾಲಿ ರಾಡಿಯಲ್ಲಿ ಸುತ್ತಿದರೆ ಇನ್ನೊಂದು ಯಾಕೆ ಸುಮ್ಮನಿರ್ತದ? ಟ್ರ್ಯಾಕ್ಟರ್ ಡಿಫರೆನ್ಷಿಯಲ್ ತಿಳಿಯೋಣ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಎರಿ ಹೊಲಗಳಲ್ಲಿ ಮಳೆಯಾದ ಮೇಲೆ ಟ್ರ್ಯಾಕ್ಟರ್ ಹುಗಿಯುವುದು ಹೊಸದಲ್ಲ. ಹಿಂದಿನ ಒಂದು ಗಾಲಿ ಗರಗರ ತಿರುಗ್ತದ, ಇನ್ನೊಂದು ಗಟ್ಟಿ ನೆಲದ ಮೇಲಿದ್ದರೂ ಅಲುಗಾಡುವುದಿಲ್ಲ. ರೇಸ್ ಕೊಟ್ಟಷ್ಟೂ ಗುಂಡಿ ಆಳವಾಗ್ತದ. ಇಲ್ಲಿ ಎಂಜಿನ್‌ಗೆ ತಾಕತ್ತು ಕಡಿಮೆ ಅಲ್ಲ. ಎರಡೂ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಕೆಲಸ ಮಾಡುವ ರೀತಿಯೇ ಹಾಗೆ.

ಡಿಫರೆನ್ಷಿಯಲ್ ಯಾಕೆ ಬೇಕು?

ಗಾಲಿಗಳ ನಡುವೆ 5 ಅಡಿ ಅಂತರ ಇದೆ ಎನ್ನಿ. ಬದುವಿನ ಹತ್ತಿರ ಅರ್ಧ ಸುತ್ತು ತಿರುಗುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 16 ಅಡಿ ಹೆಚ್ಚು ಓಡಬೇಕು. ಎರಡೂ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ. ಆದರೆ ಎಳೆತವನ್ನು ಎರಡಕ್ಕೂ ಸಮನಾಗಿಯೇ ಹಂಚುತ್ತದೆ. ಹೀಗಾಗಿ ಜಾರುವ ಗಾಲಿಗೆ ಎಷ್ಟು ಹಿಡಿತವೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ ಎಳೆತ.

ಒಂದು ಲೆಕ್ಕ ನೋಡ್ರಿ

ರಾಡಿಯಲ್ಲಿರುವ ಗಾಲಿಯ ಹಿಡಿತ 100 ಕಿಲೋ, ಗಟ್ಟಿ ನೆಲದ್ದು 600 ಕಿಲೋ ಎಂದು ಇಟ್ಟುಕೊಳ್ಳೋಣ.

• ಸಾಮಾನ್ಯ ಡಿಫರೆನ್ಷಿಯಲ್: 100 + 100 = 200 ಕಿಲೋ.
• ಲಿಮಿಟೆಡ್ ಸ್ಲಿಪ್: ಇದು ಕೆಲವು ಕಾರು, ಜೀಪುಗಳಲ್ಲಿ ಇರುತ್ತದೆ. ಒಳಗಿನ ಕ್ಲಚ್ ಪ್ಲೇಟ್ ಅಥವಾ ವಿಶೇಷ ಗೇರುಗಳು ಜಾರುವುದನ್ನು ತಡೆಯುತ್ತವೆ. ಹಿಡಿತವಿರುವ ಗಾಲಿಗೆ 3 ಪಟ್ಟು ಕೊಡುವಂಥದ್ದಾದರೆ 100 + 300 = 400 ಕಿಲೋ.
• ಡಿಫರೆನ್ಷಿಯಲ್ ಲಾಕ್: ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗುತ್ತವೆ. 100 + 600 = 700 ಕಿಲೋ.

ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಈ ಲಾಕ್ ಇದೆ. ಸೀಟಿನ ಕೆಳಗೆ, ಹಿಮ್ಮಡಿಗೆ ಸಿಗುವ ಚಿಕ್ಕ ಪೆಡಲ್ ಅದೇ.

ಲಾಕ್ ಬಳಸುವ ಕ್ರಮ

1. ಗಾಲಿ ಸುತ್ತುತ್ತಿರುವಾಗ ಲಾಕ್ ಒತ್ತಬೇಡಿ, ಗೇರು ಮುರಿಯಬಹುದು. ಕ್ಲಚ್ ತುಳಿದು, ಗಾಲಿ ನಿಂತ ಮೇಲೆ ಒತ್ತಿ, ನಿಧಾನಕ್ಕೆ ಕ್ಲಚ್ ಬಿಡಿ.
2. ನೆಟ್ಟಗೆ ಹೋಗುವಾಗ ಮಾತ್ರ ಬಳಸಿ. ಲಾಕ್ ಇದ್ದಾಗ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ಮುಂದಕ್ಕೇ ನುಗ್ಗುತ್ತದೆ. ಬಾವಿ, ಕಾಲುವೆ ದಂಡೆಯಲ್ಲಿ ಇದು ಜೀವಕ್ಕೇ ಕುತ್ತು.
3. ಪೆಡಲ್ ಬಿಟ್ಟರೂ ಲಾಕ್ ಬಿಡದಿದ್ದರೆ ನಿಧಾನಗತಿಯಲ್ಲಿ ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಸ್ವಲ್ಪ ಆಡಿಸಿ.
4. ಲಾಕ್ ಇಲ್ಲದಿದ್ದರೆ, ಸುತ್ತುವ ಗಾಲಿಯ ಬ್ರೇಕ್ ಮಾತ್ರ ಹಗುರಾಗಿ ಒತ್ತಿ. ಆ ತಡೆಯಷ್ಟೇ ಎಳೆತ ಇನ್ನೊಂದು ಗಾಲಿಗೂ ಸಿಗುತ್ತದೆ. ರಸ್ತೆಗೆ ಬರುವ ಮುನ್ನ ಎರಡೂ ಬ್ರೇಕ್ ಪೆಡಲ್‌ಗಳಿಗೆ ಕೊಂಡಿ ಹಾಕಿ.
5. ಹುಗಿದ ಗಾಲಿಗೆ ಕಟ್ಟಿಗೆ ಕಟ್ಟಿ ಎಬ್ಬಿಸಬೇಡಿ. ಮುಂಭಾಗ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಇನ್ನೊಂದು ಟ್ರ್ಯಾಕ್ಟರ್‌ನಿಂದ ಎಳೆಸಿ.

ಮಣ್ಣಿನ ಮಾತು

ಪಲ್ಟಿ ಹೊಡೆಯುವಾಗ ಒಂದು ಗಾಲಿ ಸಾಲಿನೊಳಗೆ ಇಳಿದಿರುತ್ತದೆ. ಮೇಲಿನ ಗಾಲಿಯ ಮೇಲೆ ಭಾರ ಕಡಿಮೆಯಾಗಿ ಅದು ಜಾರುತ್ತದೆ. ಅಲ್ಲಿ ಲಾಕ್ ಸರಿ. ಆದರೆ ಹೊಲದ ಉದ್ದಕ್ಕೂ ಲಾಕ್ ಬೇಕೆನಿಸಿದರೆ ಹೊಲ ಇನ್ನೂ ಹದಕ್ಕೆ ಬಂದಿಲ್ಲ ಎಂದೇ ಅರ್ಥ. ಹಸಿ ಎರಿ ಮಣ್ಣನ್ನು ಜಾರುವ ಗಾಲಿ ಸಾರಿಸಿದಂತೆ ಮಾಡ್ತದ. ಭಾರಕ್ಕೆ ಕೆಳಗಿನ ಪದರ ಬಿಗಿಯಾಗಿ ನೀರು ಇಂಗುವುದಿಲ್ಲ, ತೊಗರಿ, ಲಿಂಬೆಯ ಬೇರಿಗೆ ಗಾಳಿ ಸಿಗುವುದಿಲ್ಲ.

ನಾನು ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವ ಮುನ್ನ ಅರ್ಧ ಅಡಿ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದು ನೋಡುತ್ತೇನೆ. ಶಾವಿಗೆಯಂತೆ ಎಳೆ ಬಂದರೆ ಟ್ರ್ಯಾಕ್ಟರ್ ಇಳಿಸುವುದಿಲ್ಲ. ಪುಡಿಯಾಗಿ ಒಡೆದರೆ ಹದ ಬಂದಂಗ. ನೀವೂ ಹೀಗೆ ಪರೀಕ್ಷಿಸಿ ನೋಡ್ರಿ.