ಆಲಮಟ್ಟಿ ಉದ್ಯಾನಕ್ಕೆ ಹೊರಟವರು ಎಲ್ಲಿ ಉಣ್ಣಬೇಕು?

ಆಲಮಟ್ಟಿಯ ಉದ್ಯಾನ ನೋಡಲು ಹೊರಟವರು ಟಿಕೆಟ್ ದರ ಕೇಳಿಕೊಳ್ಳುತ್ತಾರೆ, ಸಂಗೀತ ಕಾರಂಜಿ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಾರೆ, ಗಾಡಿ ನಿಲ್ಲಿಸಲು ಜಾಗ ಇದೆಯೋ ಇಲ್ಲವೋ ಎಂದೂ ತಿಳಿದುಕೊಳ್ಳುತ್ತಾರೆ. ಊಟದ ಮಾತು ಬಂದಾಗ ಮಾತ್ರ "ಅಲ್ಲೇ ಏನರ ಸಿಗತೈತಿ ಬಿಡ್ರಿ" ಎಂದು ಮುಗಿಸಿಬಿಡುತ್ತಾರೆ. ಬಹಳ ಮನೆಗಳ ಪ್ರವಾಸ ಕೆಡುವುದು ಈ ಮಾತಿನಿಂದಲೇ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಲ್ಲಿ ಹಸಿದು ಅಳುವ ಮಕ್ಕಳು, ಸಕ್ಕರೆ ಕಾಯಿಲೆಯ ಹಿರಿಯರು, ಕೈಯಲ್ಲಿ ಚಿಪ್ಸ್ ಪೊಟ್ಟಣ. ಹೀಗಾಗಬಾರದು ಎಂದರೆ ಎಲ್ಲಿ ಉಣ್ಣಬೇಕೆಂಬುದು ಮನೆ ಬಿಡುವ ಮೊದಲೇ ತೀರ್ಮಾನವಾಗಬೇಕು.

ಕಾಖಂಡಕಿ, ಬಬಲೇಶ್ವರ, ತಿಕೋಟಾ, ವಿಜಯಪುರ ಕಡೆಯವರಿಗೆ ಒಂದು ದಿನದಲ್ಲಿ ಹೋಗಿಬರಬಹುದಾದ ಅತಿ ದೊಡ್ಡ ಉದ್ಯಾನ ಆಲಮಟ್ಟಿಯದೇ. ಕೃಷ್ಣಾ ನದಿಯ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು. ಜಲಾಶಯಕ್ಕೆ ಶಾಸ್ತ್ರಿಯವರದೇ ಹೆಸರು. ಅಣೆಕಟ್ಟೆಯ ಮಗ್ಗುಲಲ್ಲಿ ಬೆಳೆದ ರಾಕ್ ಗಾರ್ಡನ್, ಮೊಘಲ್, ಜಪಾನಿ, ಇಟಾಲಿಯನ್, ಫ್ರೆಂಚ್ ಮಾದರಿಯ ತೋಟಗಳು, ಕತ್ತಲಾದ ಮೇಲೆ ಬಣ್ಣದ ದೀಪಗಳ ನಡುವೆ ಕುಣಿಯುವ ಸಂಗೀತ ಕಾರಂಜಿ ಇವೆಲ್ಲ ಸೇರಿ ನಮ್ಮ ಕಡೆಯ ಮಕ್ಕಳ ಪಾಲಿಗೆ ಅದೇ ಥೀಮ್ ಪಾರ್ಕ್. ಶಾಲೆಯ ಪ್ರವಾಸಗಳೂ ಅಲ್ಲಿಗೇ ಹೋಗುತ್ತವೆ.

ಇಲ್ಲಿಯ ಊಟದ ಲೆಕ್ಕ ಬೆಂಗಳೂರಿನ ಲೆಕ್ಕವಲ್ಲ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾಜಧಾನಿಗೆ ಹೋಗಿ, 2005ರಲ್ಲಿ ಬಿಡದಿಯ ಬಳಿ ಶುರುವಾದ ವಂಡರ್‌ಲಾ ನೋಡಿಬಂದವರಿಗೆ ವ್ಯತ್ಯಾಸ ಗೊತ್ತಿರುತ್ತದೆ. ಅಂಥ ಖಾಸಗಿ ಪಾರ್ಕಿನೊಳಗೆ ಹೊರಗಿನ ಊಟ ಒಯ್ಯುವಂತಿಲ್ಲ. ಒಳಗೆ ಹೋದವರು ಸಂಜೆಯವರೆಗೆ ಒಳಗಿನ ಹೋಟೆಲುಗಳಲ್ಲೇ ಉಣ್ಣಬೇಕು. ಅಲ್ಲಿ ಆಯ್ಕೆ ಎಂದರೆ ಯಾವ ಹೋಟೆಲು, ಎಷ್ಟು ಗಂಟೆಗೆ ಎಂಬುದಷ್ಟೇ. ಹನ್ನೆರಡಕ್ಕೆ ಮೊದಲೇ ಉಂಡರೆ ಸಾಲು ಚಿಕ್ಕದಿರುತ್ತದೆ. ಉಂಡ ಕೂಡಲೇ ಗರಗರ ತಿರುಗುವ ಆಟ ಹತ್ತದೆ ಒಂದು ತಾಸು ನೀರಿನ ಬದಿಯಲ್ಲಿ ಕೂತರೆ ಹೊಟ್ಟೆ ತೊಳಸುವುದಿಲ್ಲ. ಆಲಮಟ್ಟಿಯಲ್ಲಿ ಹಾಗೆ ಕಟ್ಟಿಹಾಕುವವರಿಲ್ಲ. ಅಣೆಕಟ್ಟೆ ಒಂದು ಕಡೆ, ತೋಟ ಇನ್ನೊಂದು ಕಡೆ, ಕಾರಂಜಿ ಸಂಜೆಗೆ. ನಡುವೆ ಹೊರಗೆ ಬಂದು ಉಂಡು ಹೋಗುವುದಕ್ಕೆ ಬೇಕಾದಷ್ಟು ಹೊತ್ತಿದೆ. ಈ ಸೌಲಭ್ಯವನ್ನು ಬಳಸಿಕೊಳ್ಳಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನದ ಊಟ ಮನೆಯ ಬುತ್ತಿಯದೇ ಇರಲಿ, ಮೊಸರು ಕೊಲ್ಹಾರದ್ದಿರಲಿ, ರಾತ್ರಿಯ ಊಟ ಕಾರಂಜಿ ಶುರುವಾಗುವ ಮೊದಲೇ ಮುಗಿಯಲಿ. ಉದ್ಯಾನದ ಒಳಗಿನ ಅಂಗಡಿಯಲ್ಲಿ ಚಹಾ, ಮಕ್ಕಳಿಗೊಂದು ಐಸ್‌ಕ್ರೀಮ್ ಸಾಕು.

ಬುತ್ತಿ ಕಟ್ಟುವುದು ನಮ್ಮ ನೆಲದ ವಿದ್ಯೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ, ಸೀಗಿ ಹುಣ್ಣಿಮೆಗೆ ಬೆಳೆದು ನಿಂತ ಬೆಳೆಯ ನಡುವೆ ಕೂತು ಉಣ್ಣುವಾಗ ನಮ್ಮ ಹೆಣ್ಣುಮಕ್ಕಳು ಕಟ್ಟುವ ಬುತ್ತಿಯಲ್ಲಿ ಕೆಡುವಂಥದ್ದು ಕಡಿಮೆ, ತಡೆಯುವಂಥದ್ದೇ ಹೆಚ್ಚು. ಡೋಣಿ ಸಾಲಿನ ಬಿಳಿಜೋಳದ ಕಡಕ್ ರೊಟ್ಟಿ ದಿನಗಟ್ಟಲೆ ಇರುತ್ತದೆ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದ್ದರೆ ಬರೀ ಚಟ್ನಿ ಪುಡಿಯೊಂದಿಗೂ ಹೋಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಈ ಮೂರರಲ್ಲಿ ಎರಡಿದ್ದರೂ ಸಾಕು. ಎಣ್ಣೆಗಾಯಿ ಬದನೆಕಾಯಿಗೆ ನೀರು ಕಡಿಮೆ ಹಾಕಿ, ಎಣ್ಣೆಯಲ್ಲೇ ಬಾಡಿಸಿ, ಪೂರ್ತಿ ಆರಿದ ಮೇಲೆ ಸ್ಟೀಲಿನ ಡಬ್ಬಿಗೆ ತುಂಬಿದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಬಿಸಿ ಇರುವಾಗಲೇ ಮುಚ್ಚಳ ಹಾಕಿದ ಪಲ್ಯ ಹುಳಿಯುವುದು ಬೇಗ. ಸಿಹಿಗೆ ಶೇಂಗಾ ಹೋಳಿಗೆ, ಇಲ್ಲದಿದ್ದರೆ ಮಾದಲಿ. ಹೂರಣದ ಹೋಳಿಗೆ ರುಚಿಯಾದರೂ ಬೇಸಿಗೆಯ ಪ್ರಯಾಣಕ್ಕೆ ಬೇಡ, ಹೂರಣದಲ್ಲಿ ನೀರಿನಂಶ ಇರುವುದರಿಂದ ಹಳಸುತ್ತದೆ.

ಅನ್ನದ ವಿಷಯದಲ್ಲಿ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಈ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಹೆಚ್ಚು. ನಸುಕಿನಲ್ಲಿ ಕಲಸಿದ ಮೊಸರನ್ನ ಅಂಥ ಕಾರಿನಲ್ಲಿ ಮಧ್ಯಾಹ್ನದವರೆಗೆ ಕೂತರೆ ಅದನ್ನು ಮಕ್ಕಳಿಗೆ ಉಣಿಸಬೇಡಿ. ಅನ್ನ ಬೇಕೇ ಬೇಕು ಎನ್ನುವವರು ನಿಂಬೆಹುಳಿಯ ಚಿತ್ರಾನ್ನ ಒಯ್ಯಲಿ. ಅದಕ್ಕೆ ಇಂಡಿಯ ನಿಂಬೆ ನಮ್ಮದೇ ಇದೆ. ಚಿತ್ರಾನ್ನವನ್ನೂ ನೆರಳಿನಲ್ಲಿಟ್ಟು ಬೇಗ ಮುಗಿಸುವುದು ಒಳ್ಳೆಯದು. ದಾರಿಯಲ್ಲಿ ಬಾಯಾಡಿಸಲು ತಿಕೋಟಾ ಕಡೆಯ ಒಣದ್ರಾಕ್ಷಿ, ಹುರಿದ ಶೇಂಗಾ, ಬೆಲ್ಲ. ಇವಕ್ಕೆ ಬಿಸಿಲಿನ ಹೆದರಿಕೆಯಿಲ್ಲ, ಮಕ್ಕಳ ಹೊಟ್ಟೆಗೂ ಹಿತ.

ಕಾಖಂಡಕಿಯಿಂದ ಹೋಗುವವರು ವಿಜಯಪುರಕ್ಕೆ ಬಂದು ಹೆದ್ದಾರಿ ಹಿಡಿದು ನಿಡಗುಂದಿಗೆ ಇಳಿಯಬಹುದು. ವಿಜಯಪುರದಿಂದ ಆಲಮಟ್ಟಿಗೆ ಸುಮಾರು 65 ಕಿಲೋಮೀಟರ್. ಕೊಲ್ಹಾರದ ಮೇಲೆ ಹಾಯ್ದು ಹೋಗುವ ದಾರಿಯೂ ಇದೆ. ಊಟದ ದೃಷ್ಟಿಯಿಂದ ನಾನು ಕೊಲ್ಹಾರದ ದಾರಿಯನ್ನೇ ಹೇಳುತ್ತೇನೆ, ಕಾರಣ ಮೊಸರು.

ಕೊಲ್ಹಾರದ ಗಡಿಗೆ ಮೊಸರಿನ ಹೆಸರು ಕೇಳದವರು ಉತ್ತರ ಕರ್ನಾಟಕದಲ್ಲಿ ಕಡಿಮೆ. ಎಮ್ಮೆಯ ಹಾಲನ್ನು ಚೆನ್ನಾಗಿ ಕಾಯಿಸಿ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಮಣ್ಣು ಹಾಲಿನ ನೀರಿನಂಶವನ್ನು ಹೀರಿ ಹೊರಗೆ ಬಿಡುತ್ತದೆ, ಆ ತೇವ ಆರುವಾಗ ಗಡಿಗೆ ತಂಪಾಗಿಯೇ ಉಳಿಯುತ್ತದೆ. ಹೀಗಾಗಿ ಮೊಸರು ಗಟ್ಟಿಯಾಗಿ ಕೂಡುತ್ತದೆ, ಹುಳಿ ಮಿತಿಯಲ್ಲಿರುತ್ತದೆ. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂದು ಜನ ಹೇಳುವುದು ಬರೀ ಹೊಗಳಿಕೆಯಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಡೆಯಾಗಿ ಊರು ಎತ್ತರಕ್ಕೆ ಬಂದಿತು. ಊರು ಜಾಗ ಬದಲಿಸಿದರೂ ಮೊಸರಿನ ಕಸುಬು ಉಳಿದುಕೊಂಡಿತು. ನಾವು ನೋಡಲು ಹೋಗುವ ಜಲಾಶಯಕ್ಕಾಗಿ ಮನೆಮಠ ಬಿಟ್ಟ ಊರಿನವರಿಂದ ಒಂದು ಗಡಿಗೆ ಮೊಸರು ಕೊಂಡು ಮುಂದೆ ಹೋಗುವುದು ನನಗೆ ಸರಿಯಾದ ಕೆಲಸವಾಗಿ ಕಾಣುತ್ತದೆ. ಬೆಳಗಿನ ಹೊತ್ತಿನಲ್ಲೇ ಕೊಳ್ಳಿ, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ, ಮಧ್ಯಾಹ್ನದ ರೊಟ್ಟಿಯೊಂದಿಗೆ ಮುಗಿಸಿ. ಮರಳಿ ಬರುವಾಗ ಕೊಂಡರಾಯಿತು ಎಂದುಕೊಂಡವರಿಗೆ ರಾತ್ರಿ ಹೊತ್ತು ಒಳ್ಳೆಯ ಗಡಿಗೆ ಸಿಗುವುದು ಕಷ್ಟ.

ಇನ್ನು ಬುತ್ತಿ ಎಲ್ಲಿ ಬಿಚ್ಚಬೇಕು? ಟಿಕೆಟ್ ಕೊಡುವ ಕಿಂಡಿಯಲ್ಲೇ ಕೇಳಿ. ಯಾವ ತೋಟದೊಳಗೆ ಊಟ ಒಯ್ಯಬಹುದು, ಎಲ್ಲಿ ಕೂರಬಹುದು ಎಂದು ಅಲ್ಲಿಯ ಸಿಬ್ಬಂದಿ ಹೇಳುತ್ತಾರೆ. ಬೇಡವೆಂದ ಜಾಗದಲ್ಲಿ ಹಠ ಹಿಡಿಯಬೇಡಿ, ಹೊರಗಿನ ಮರದ ನೆರಳು ಸಾಕು. ರಾಕ್ ಗಾರ್ಡನ್ ದೊಡ್ಡದು, ಏರಿಳಿತದ ದಾರಿ. ಅದನ್ನು ಉಂಡು ನಡೆಯುವುದಕ್ಕಿಂತ ನಡೆದು ಉಣ್ಣುವುದು ಲೇಸು. ಬೆಳಗ್ಗೆ ಹತ್ತರ ಹೊತ್ತಿಗೆ ಒಳಗೆ ಹೋಗಿ, ಒಂದು ಸುತ್ತು ಮುಗಿಸಿ, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಹೊರಗೆ ಬಂದು ಬುತ್ತಿ ಬಿಚ್ಚಿ. ಉಂಡ ಮೇಲೆ ಒಂದು ತಾಸು ಅಡ್ಡಾಗಲು ಹಿರಿಯರಿಗೆ ಚಾಪೆ ಇರಲಿ. ನಾಲ್ಕರ ಮೇಲೆ ಅಣೆಕಟ್ಟೆಯ ಕಡೆ, ಉಳಿದ ತೋಟಗಳ ಕಡೆ ಹೋದರೆ ಬಿಸಿಲೂ ಇಳಿದಿರುತ್ತದೆ. ಜುಲೈ, ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದ ಮಳೆನೀರು ಬಂದು ಜಲಾಶಯ ತುಂಬಿ, ಗೇಟು ತೆರೆದು ನೀರು ಬಿಡುವ ಹೊತ್ತಿನಲ್ಲಿ ಹೋದರೆ ನೋಟ ದೊಡ್ಡದು. ಆಗ ಜನಸಂದಣಿಯೂ ಅಷ್ಟೇ ದೊಡ್ಡದು, ಹೋಟೆಲುಗಳಲ್ಲಿ ಜಾಗ ಸಿಗುವುದಿಲ್ಲ. ಬುತ್ತಿಯ ಬೆಲೆ ತಿಳಿಯುವುದು ಆ ದಿನ.

ಬುತ್ತಿ ಕಟ್ಟಲು ಆಗದವರೂ ಇದ್ದಾರೆ. ಇಬ್ಬರೂ ದುಡಿಯುವ ಮನೆ, ದೂರದೂರಿನಿಂದ ಬಂದ ನೆಂಟರು, ರೈಲಿನಲ್ಲಿ ಆಲಮಟ್ಟಿ ನಿಲ್ದಾಣಕ್ಕೆ ಇಳಿದವರು. ಇವರು ಖಾನಾವಳಿ ಹುಡುಕಲಿ. ವಿಜಯಪುರ ನಗರದಲ್ಲೂ ನಿಡಗುಂದಿಯಂಥ ಹೆದ್ದಾರಿಯ ಊರಿನಲ್ಲೂ ರೊಟ್ಟಿ ಊಟದ ಖಾನಾವಳಿಗಳಿವೆ. ಒಳ್ಳೆಯ ಖಾನಾವಳಿ ಗುರುತಿಸುವುದು ಸುಲಭ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಬೇಕು, ಊಟದ ಹೊತ್ತಿಗೆ ಲಾರಿ ಚಾಲಕರು, ಸಂತೆಗೆ ಬಂದ ರೈತರು ಕೂತಿರಬೇಕು, ಕಾಳುಪಲ್ಯ ಆ ದಿನದ್ದಿರಬೇಕು. ಬೋರ್ಡಿನ ಮೇಲೆ ನೂರೆಂಟು ತಿಂಡಿಯ ಹೆಸರಿದ್ದು ಒಳಗೆ ಯಾರೂ ಇಲ್ಲದ ಕಡೆ ಹೋಗಬೇಡಿ. ಅಷ್ಟು ತರದ ಅಡುಗೆ ಮಾಡಿಟ್ಟು ಗಿರಾಕಿ ಬರದಿದ್ದರೆ ಅದರಲ್ಲಿ ನಿನ್ನೆಯದು ಎಷ್ಟು ಎಂಬುದು ಅಡುಗೆಯವರಿಗಷ್ಟೇ ಗೊತ್ತು. ಮಾಂಸಾಹಾರ ಬೇಕಾದವರಿಗೆ ಸಾವಜಿ ಖಾನಾವಳಿಗಳುಂಟು. ಅಲ್ಲಿಯ ಖಾರ ಚಿಕ್ಕ ಮಕ್ಕಳಿಗೆ ತಡೆಯದು, ಅವರಿಗೆ ಬೇರೆ ಏನಾದರೂ ಹೇಳಿ. ನದಿಯ ಮೀನು ತಿನ್ನುವ ಆಸೆಯಿದ್ದರೆ ನಿಮ್ಮ ಕಣ್ಣೆದುರು ಹುರಿದುಕೊಡುವಲ್ಲಿ ತಿನ್ನಿ.

ಮೇಜು, ಕುರ್ಚಿ, ಶೌಚಾಲಯ ಎಲ್ಲವೂ ಬೇಕೆನ್ನುವವರಿಗೆ, ರಾತ್ರಿ ಅಲ್ಲೇ ತಂಗುವವರಿಗೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಕೃಷ್ಣ ಆಲಮಟ್ಟಿಯಲ್ಲಿದೆ. ಹೊರಡುವ ಮುನ್ನ ಫೋನು ಮಾಡಿ ಊಟದ ವ್ಯವಸ್ಥೆ ಕೇಳಿಕೊಳ್ಳಿ, ಹತ್ತಾರು ಜನರಿದ್ದರಂತೂ ಮೊದಲೇ ಹೇಳಿಡಬೇಕು. ಗಾಲಿಕುರ್ಚಿಯ ಮೇಲೆ ಬರುವ ಹಿರಿಯರಿದ್ದರೆ, ನೆಲದ ಮೇಲೆ ಕೂರಲಾಗದ ಮಂಡಿನೋವಿನವರಿದ್ದರೆ ಮರದ ನೆರಳಿನ ಬುತ್ತಿಗಿಂತ ಇಂಥ ಜಾಗವೇ ಸರಿ.

ಕೂಡಲಸಂಗಮವನ್ನೂ ಅದೇ ದಿನ ಸೇರಿಸಿಕೊಂಡವರಿಗೆ ಇನ್ನೊಂದು ದಾರಿಯಿದೆ. ಬೆಳಗ್ಗೆ ಮೊದಲು ಸಂಗಮಕ್ಕೆ ಹೋಗಿ, ದರ್ಶನ ಮುಗಿಸಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಮಧ್ಯಾಹ್ನದ ಮೇಲೆ ಆಲಮಟ್ಟಿಗೆ ಬರಬಹುದು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಆ ಊಟವನ್ನು ಮಕ್ಕಳಿಗೆ ತೋರಿಸಲೇಬೇಕು. ತಾಟಿನಲ್ಲಿ ಬಿಡದಷ್ಟು ನೀಡಿಸಿಕೊಳ್ಳುವುದನ್ನು ಮಾತ್ರ ಮೊದಲೇ ಕಲಿಸಿ ಕರೆದೊಯ್ಯಿರಿ.

ರಾತ್ರಿಯ ಊಟದಲ್ಲಿ ಹೆಚ್ಚಿನವರು ಎಡವುತ್ತಾರೆ. ಕಾರಂಜಿ ಕತ್ತಲಾದ ಮೇಲೆ ಶುರುವಾಗುತ್ತದೆ. ಮುಗಿದ ಕೂಡಲೇ ಸಾವಿರಾರು ಜನ ಒಟ್ಟಿಗೆ ಏಳುತ್ತಾರೆ, ಎಲ್ಲರಿಗೂ ಒಟ್ಟಿಗೇ ಹಸಿವು. ಆಗ ಹತ್ತಿರದ ಹೋಟೆಲುಗಳಲ್ಲಿ ರೊಟ್ಟಿ ಮುಗಿದಿರುತ್ತದೆ, ಅನ್ನ ಇನ್ನೂ ಬೇಯುತ್ತಿರುತ್ತದೆ. ಮುಂದೆ ದಾರಿಯಲ್ಲಿ ಉಂಡರಾಯಿತು ಎಂದು ಹೊರಟರೆ ಊರ ಖಾನಾವಳಿಗಳು ಬಾಗಿಲು ಹಾಕುವ ಹೊತ್ತು. ಮಕ್ಕಳು ಹಸಿದೇ ನಿದ್ದೆಹೋಗುತ್ತಾರೆ. ಆದ್ದರಿಂದ ಕಾರಂಜಿಗೆ ಒಂದು ತಾಸು ಮೊದಲೇ ಹೊಟ್ಟೆ ತುಂಬಿಸಿಕೊಳ್ಳಿ. ಮಧ್ಯಾಹ್ನದ ರೊಟ್ಟಿ, ಹಿಂಡಿ ಉಳಿಸಿಕೊಂಡಿದ್ದರೆ ಅದೇ ಸಾಕು. ಇಲ್ಲದಿದ್ದರೆ ಹೊರಗೆ ಮಿರ್ಚಿ ಭಜಿ, ಚುರುಮುರಿ ಸಿಕ್ಕಲ್ಲಿ ತಿಂದು ಚಹಾ ಕುಡಿಯಿರಿ. ಭಜಿ ಎಣ್ಣೆಯಿಂದ ಆಗಷ್ಟೇ ತೆಗೆದದ್ದಿರಲಿ, ಕೊಚ್ಚಿ ಬಿಸಿಲಿಗಿಟ್ಟ ಹಣ್ಣು ಬೇಡ.

ನೀರು ತಲೆಗೆ ಎರಡು ಲೀಟರಿನಂತೆ ಮನೆಯಿಂದಲೇ ಒಯ್ಯಿರಿ. ಶಾಲಾ ಮಕ್ಕಳನ್ನು ಕರೆದೊಯ್ಯುವ ಗುರುಗಳು ಕೈ ತೊಳೆಯುವುದಕ್ಕೆಂದೇ ಪ್ರತ್ಯೇಕ ಕ್ಯಾನು ಇಟ್ಟುಕೊಳ್ಳಬೇಕು. ಪಾಲಕರಿಂದ ಯಾವ ಮಗುವಿಗೆ ಶೇಂಗಾ ಆಗದು, ಯಾರಿಗೆ ಹಾಲು ಆಗದು ಎಂದು ಬರೆಸಿಕೊಳ್ಳುವುದೂ ಅವರದೇ ಜವಾಬ್ದಾರಿ, ಏಕೆಂದರೆ ನಮ್ಮ ಬುತ್ತಿಯಲ್ಲಿ ಶೇಂಗಾ ಇಲ್ಲದ ಡಬ್ಬಿಯೇ ಅಪರೂಪ. ನಲವತ್ತು ಮಕ್ಕಳ ಬುತ್ತಿ ನಲವತ್ತು ತರ ಇರುತ್ತದೆ. ಹಂಚಿಕೊಂಡು ಉಣ್ಣುವ ಖುಷಿ ದೊಡ್ಡದು, ಅದನ್ನು ತಪ್ಪಿಸಬೇಡಿ. ಬುತ್ತಿ ತರಲಾಗದ ಮಗು ಒಂದಾದರೂ ಇರುತ್ತದೆ ಎಂದು ತಿಳಿದು ಹತ್ತು ರೊಟ್ಟಿ ಹೆಚ್ಚು ಕಟ್ಟಿಸಿಕೊಳ್ಳಿ.

ಕಾಖಂಡಕಿಗೇ ಬರುವ ಹೊರಗಿನವರಿಗೂ ಒಂದು ಮಾತು. ಕಾರ ಹುಣ್ಣಿಮೆಯ ನಂತರ ಇಲ್ಲಿ ನಡೆಯುವ ಕರಿ ನೋಡಲು ಸುತ್ತಲಿನ ಊರುಗಳಿಂದ ಜನ ಕಿಕ್ಕಿರಿದು ಬರುತ್ತಾರೆ. ಎತ್ತುಗಳು ಓಡುವ ಬೀದಿಯ ಬದಿಯಲ್ಲಿ ಊಟ ಹುಡುಕುತ್ತ ನಿಲ್ಲುವುದು ಅಪಾಯ. ಬಬಲೇಶ್ವರದಲ್ಲಿ ಅಥವಾ ವಿಜಯಪುರದಲ್ಲಿ ಉಂಡು ಬನ್ನಿ, ನೀರು ಜೊತೆಯಲ್ಲಿರಲಿ. ಹರಿದಾಸ ಮಹಿಪತಿದಾಸರ ಊರು ನೋಡಿ, ಮರುದಿನ ಆಲಮಟ್ಟಿಗೆ ಹೋಗುವುದಾದರೆ ರಾತ್ರಿ ವಿಜಯಪುರದಲ್ಲಿ ತಂಗುವುದು ಅನುಕೂಲ. ನಸುಕಿನಲ್ಲೇ ಎದ್ದರೆ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಹೊರಡಬಹುದು, ಹಿಂದಿನ ರಾತ್ರಿಯೇ ಹೇಳಿಟ್ಟಿರಬೇಕು ಅಷ್ಟೇ.

ಉಂಡ ಜಾಗದಲ್ಲಿ ಎಲೆ, ಪೊಟ್ಟಣ, ಬಾಟಲಿ ಬಿಡಬೇಡಿ. ಒಂದು ಚೀಲ ಜೊತೆಗೊಯ್ದು ಎಲ್ಲವನ್ನೂ ತುಂಬಿಕೊಂಡು ಬನ್ನಿ. ಅಲ್ಲಿ ಬಿಟ್ಟ ಪ್ಲಾಸ್ಟಿಕ್ ಗಾಳಿಗೆ ಹಾರಿ ಸೇರುವುದು ಕೃಷ್ಣೆಯ ನೀರಿಗೆ, ಆ ನೀರೇ ಕಾಲುವೆ, ಕೊಳವೆಗಳಲ್ಲಿ ನಮ್ಮ ಜಿಲ್ಲೆಯ ಹೊಲಗಳಿಗೂ ಮನೆಗಳಿಗೂ ಬರುತ್ತದೆ.